ರೆಸ್ಟೋರೆಂಟ್‌ನ ವೈನ್ ಪಟ್ಟಿ ಓದುವುದು ಹೇಗೆ? ‘ರೆಡ್ ವೈನ್ ಹಾರ್ಟಿಗೆ ಒಳ್ಳೇದು’ ಅನ್ನೋ ಫಾರ್ವರ್ಡ್ ಎಷ್ಟು ನಿಜ?

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ಕಡೂರು ತಾಲ್ಲೂಕಿನ ದೇವನೂರಿನಿಂದ ಒಂದು ಕುಟುಂಬ ಚಿಕ್ಕಮಗಳೂರಿಗೆ ಊಟಕ್ಕೆ ಹೋಗಿದೆ. ಮಗಳಿಗೆ ಕೆಲಸ ಸಿಕ್ಕ ಖುಷಿ. ಮೆನುವಿನ ಕೊನೆಯ ಪುಟದಲ್ಲಿ ಹತ್ತು-ಹನ್ನೆರಡು ವೈನ್‌ಗಳ ಹೆಸರಿದೆ. ಅಳಿಯ ಹೇಳುತ್ತಾನೆ: “ಮಾವ, ನೀವೂ ಒಂದು ಗ್ಲಾಸ್ ತಗೊಳ್ಳಿ. ರೆಡ್ ವೈನ್ ಹಾರ್ಟಿಗೆ ಒಳ್ಳೇದಂತೆ, ಗ್ರೂಪಲ್ಲಿ ಬಂದಿತ್ತು.” ಮಾವನಿಗೆ ಸಕ್ಕರೆ ಕಾಯಿಲೆ, ಮಾತ್ರೆ ನಡೆಯುತ್ತಿದೆ. ರಾತ್ರಿ ಕಾರು ಓಡಿಸಿಕೊಂಡು ವಾಪಸ್ ಬರಬೇಕಾದವನು ಅಳಿಯ.

ಈ ಮೇಜಿನ ಮೇಲೆ ಎರಡು ಪ್ರಶ್ನೆಗಳಿವೆ. ಆ ಪಟ್ಟಿ ಕೊಟ್ಟ ದುಡ್ಡಿಗೆ ತಕ್ಕದ್ದೇ? ಆ ಫಾರ್ವರ್ಡ್ ನಂಬಬಹುದೇ? ಒಂದೊಂದಾಗಿ ನೋಡೋಣ.

ಬೆಲೆ ಜಾಸ್ತಿ ಇದ್ದರೆ ವೈನ್ ಚೆನ್ನಾಗಿರುತ್ತದೆಯೇ?

ಹಾಗೇನಿಲ್ಲ. 2008ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ವೈನನ್ನು ಒಮ್ಮೆ 10 ಡಾಲರ್‌ನದು, ಇನ್ನೊಮ್ಮೆ 90 ಡಾಲರ್‌ನದು ಎಂದು ಹೇಳಿ ಕುಡಿಸಿದರು. 90 ಡಾಲರ್ ಎಂದಾಗ ಜನ ‘ಹೆಚ್ಚು ರುಚಿ’ ಎಂದರು. ಮೆದುಳಿನ ಸ್ಕ್ಯಾನ್‌ನಲ್ಲಿ ಸಂತೋಷಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಗಿ ಕಂಡಿತು. ಬಾಟಲಿಯೊಳಗಿನ ವೈನ್ ಮಾತ್ರ ಅದೇ!

ಬಣ್ಣವೂ ನಮ್ಮನ್ನು ಮೋಸಗೊಳಿಸುತ್ತದೆ. 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಫ್ರಾನ್ಸ್‌ನ ಬೋರ್ಡೋದಲ್ಲಿ ವೈನ್ ಬಗ್ಗೆಯೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಡಲಾಯಿತು. ಅವರು ಅದನ್ನು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು.

ವಿದೇಶಿ ವೈನ್ ದುಬಾರಿಯಾಗಲು ಆಮದು ಸುಂಕವೂ ಕಾರಣ. ಆ ಸುಂಕಕ್ಕೂ ರುಚಿಗೂ ಸಂಬಂಧವಿಲ್ಲ. ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲಿ, ಹಂಪಿ ಸುತ್ತಮುತ್ತ ಬೆಳೆದ ದ್ರಾಕ್ಷಿಯಿಂದಲೂ ವೈನ್ ತಯಾರಾಗುತ್ತದೆ. ಕರ್ನಾಟಕ ಸರ್ಕಾರ ಇದಕ್ಕೆಂದೇ 2007ರಲ್ಲಿ ದ್ರಾಕ್ಷಾರಸ ನೀತಿ ತಂದಿತು. ಹಾಗಾಗಿ ಪಟ್ಟಿಯಲ್ಲಿ ‘ಇಂಪೋರ್ಟೆಡ್’ ಎಂಬ ಪದ ಕಂಡ ಮಾತ್ರಕ್ಕೆ ಮರುಳಾಗಬೇಕಿಲ್ಲ.

‘ಹಳೆಯದಾದಷ್ಟೂ ಒಳ್ಳೆಯದು’, ‘ತಿರುಪಿನ ಮುಚ್ಚಳ ಅಂದರೆ ಅಗ್ಗದ ಮಾಲು’

ಎರಡೂ ಅರ್ಧ ಸತ್ಯಗಳು. ವರ್ಷಗಟ್ಟಲೆ ಇಟ್ಟು ಕುಡಿಯಲೆಂದೇ ಮಾಡುವ ವೈನ್‌ಗಳು ಕೆಲವೇ ಕೆಲವು. ಸಾಧಾರಣ ರೆಸ್ಟೋರೆಂಟ್‌ಗಳಲ್ಲಿ ಸಿಗುವ ಬಹುಪಾಲು ವೈನ್ ಕೆಲವೇ ವರ್ಷಗಳೊಳಗೆ ಕುಡಿಯಲು ಮಾಡಿದ್ದು. ಅಲ್ಲಿ ಆರೇಳು ವರ್ಷ ಹಳೆಯ ಬಿಳಿ ವೈನ್ ಕಂಡರೆ ಅದು ಖರ್ಚಾಗದೆ ಉಳಿದದ್ದು ಇರಬಹುದು.

ಇನ್ನು ಮುಚ್ಚಳದ ಮಾತು. ಕಾರ್ಕ್‌ನಲ್ಲಿ ಕೆಲವೊಮ್ಮೆ ಟಿಸಿಎ ಎಂಬ ರಾಸಾಯನಿಕ ಸೇರಿ ವೈನ್‌ಗೆ ಒದ್ದೆ ರಟ್ಟಿನಂಥ ಮುಗ್ಗಲು ವಾಸನೆ ಬರುತ್ತದೆ. ಈ ತೊಂದರೆ ತಪ್ಪಿಸಲೆಂದೇ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ತಯಾರಕರು 2000ದಲ್ಲಿ ಒಟ್ಟಾಗಿ ತಿರುಪಿನ ಮುಚ್ಚಳಕ್ಕೆ ಬದಲಾದರು. ಮುಚ್ಚಳ ನೋಡಿ ದರ್ಜೆ ಅಳೆಯಲಾಗದು.

ಹಾಗಾದರೆ ಪಟ್ಟಿಯಲ್ಲಿ ಏನು ನೋಡಬೇಕು?

1. ವಿವರ: ‘ರೆಡ್ ವೈನ್’ ಎಂದಷ್ಟೇ ಬರೆದಿದ್ದರೆ ಸಾಲದು. ತಯಾರಕರ ಹೆಸರು, ದ್ರಾಕ್ಷಿ ತಳಿ, ವರ್ಷ ಇರಬೇಕು. ಇಲ್ಲದಿದ್ದರೆ ಬಾಟಲಿ ತರಿಸಿ ಲೇಬಲ್ ಓದಿ. ಆಲ್ಕೋಹಾಲ್ ಪ್ರಮಾಣ ಮತ್ತು ಎಚ್ಚರಿಕೆಯ ಸಾಲು ಲೇಬಲ್ ಮೇಲೆ ಇರಲೇಬೇಕು ಎನ್ನುತ್ತವೆ 2018ರ ಎಫ್‌ಎಸ್‌ಎಸ್‌ಎಐ ನಿಯಮಗಳು.

2. ಅಳತೆ: ಒಂದು ಗ್ಲಾಸ್ ಅಂದರೆ ಎಷ್ಟು ಮಿ.ಲೀ.? ಉದಾಹರಣೆಗೆ, 120 ಮಿ.ಲೀ. ಗ್ಲಾಸ್‌ಗೆ 450 ರೂಪಾಯಿ, 750 ಮಿ.ಲೀ. ಬಾಟಲಿಗೆ 1,800 ರೂಪಾಯಿ ಎಂದಿಟ್ಟುಕೊಳ್ಳಿ. ಗ್ಲಾಸ್ ಲೆಕ್ಕದಲ್ಲಿ ಮಿ.ಲೀ.ಗೆ 3.75 ರೂಪಾಯಿ, ಬಾಟಲಿ ಲೆಕ್ಕದಲ್ಲಿ 2.40 ರೂಪಾಯಿ. ಹಾಗೆಂದು ಉಳಿತಾಯದ ಆಸೆಗೆ ಇಡೀ ಬಾಟಲಿ ಖಾಲಿ ಮಾಡುವುದು ಜಾಣತನವಲ್ಲ.

3. ಇಟ್ಟ ಜಾಗ: ವೈನ್‌ಗೆ 12ರಿಂದ 15 ಡಿಗ್ರಿ ತಂಪು ಹಿತ. ಬಯಲುಸೀಮೆಯ ಏಪ್ರಿಲ್ ಸೆಕೆಯಲ್ಲಿ, ಅಡುಗೆಮನೆ ಪಕ್ಕದ ಕಪಾಟಿನಲ್ಲಿ, ಬಲ್ಬಿನ ಕೆಳಗೆ ತಿಂಗಳುಗಟ್ಟಲೆ ನಿಂತ ಬಾಟಲಿ ಎಷ್ಟೇ ಒಳ್ಳೆಯದಾಗಿದ್ದರೂ ಕೆಡುತ್ತದೆ.

4. ಬಾಟಲಿ ತೆಗೆದ ದಿನ: ಗ್ಲಾಸ್ ಲೆಕ್ಕದಲ್ಲಿ ತರಿಸುವಾಗ “ಇದನ್ನು ಯಾವಾಗ ಓಪನ್ ಮಾಡಿದ್ದು?” ಎಂದು ಕೇಳಿ. ತೆರೆದ ವೈನ್ ಫ್ರಿಜ್‌ನಲ್ಲಿದ್ದರೂ ಸುಮಾರು ಮೂರರಿಂದ ಐದು ದಿನ ಅಷ್ಟೇ. ಆಮೇಲೆ ಗಾಳಿ ತಾಗಿ ಸಪ್ಪೆಯಾಗುತ್ತದೆ ಅಥವಾ ವಿನೆಗರ್‌ನಂತೆ ಹುಳಿಯಾಗುತ್ತದೆ.

5. ಬಿಲ್ಲು: ಊಟಕ್ಕೆ ಜಿಎಸ್‌ಟಿ ಇದೆ, ಮದ್ಯ ಜಿಎಸ್‌ಟಿ ವ್ಯಾಪ್ತಿಯಲ್ಲೇ ಇಲ್ಲ. ಎರಡನ್ನೂ ಕೂಡಿಸಿ ಒಟ್ಟಿಗೆ ಜಿಎಸ್‌ಟಿ ಹಾಕಿದ್ದರೆ ಪ್ರಶ್ನಿಸಿ.

ಲೇಬಲ್ಲೇ ಇಲ್ಲದ ‘ಹೋಮ್‌ಮೇಡ್ ವೈನ್’ ಕೊಟ್ಟರೆ? ಅದರಲ್ಲಿ ಆಲ್ಕೋಹಾಲ್ ಎಷ್ಟಿದೆ, ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂದು ತಿಳಿಯಲು ದಾರಿಯೇ ಇಲ್ಲ. ಬೇಡ ಎನ್ನುವುದೇ ಸರಿ.

ಈಗ ಹೃದಯದ ವಿಷಯ

ಈ ನಂಬಿಕೆ ದೊಡ್ಡದಾಗಿ ಹಬ್ಬಿದ್ದು 1991ರಲ್ಲಿ. ಫ್ರೆಂಚರು ಬೆಣ್ಣೆ, ಚೀಸ್ ಧಾರಾಳವಾಗಿ ತಿಂದರೂ ಅವರಲ್ಲಿ ಹೃದ್ರೋಗ ಕಡಿಮೆ, ಅದಕ್ಕೆ ರೆಡ್ ವೈನ್ ಕಾರಣವಿರಬಹುದು ಎಂದು ಅಮೆರಿಕದ ಒಂದು ಟಿವಿ ಕಾರ್ಯಕ್ರಮ ಹೇಳಿತು. ಅಲ್ಲಿ ರೆಡ್ ವೈನ್ ಮಾರಾಟ ಜಿಗಿಯಿತು.

ಆದರೆ ಹಳೆಯ ಅನೇಕ ಅಧ್ಯಯನಗಳಲ್ಲಿ ಒಂದು ತೊಡಕಿತ್ತು. ‘ಕುಡಿಯದವರು’ ಎಂಬ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಅವರಿಗೆ ಹೋಲಿಸಿದರೆ ಸ್ವಲ್ಪ ಕುಡಿಯುವವರು ಆರೋಗ್ಯವಂತರಾಗಿ ಕಾಣುವುದು ಸಹಜ. ವೈನ್‌ನಲ್ಲಿರುವ ‘ರೆಸ್ವೆರಟ್ರಾಲ್’ ಬಗ್ಗೆಯೂ ಫಾರ್ವರ್ಡ್ ಬರುತ್ತದೆ. ಒಂದು ಲೀಟರ್ ರೆಡ್ ವೈನ್‌ನಲ್ಲಿ ಅದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಅನೇಕ ಬಾರಿ ಬಳಸಿದ್ದು ನೂರಾರು ಮಿಲಿಗ್ರಾಂ.

ಆಲ್ಕೋಹಾಲ್ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಆರೋಗ್ಯದ ದೃಷ್ಟಿಯಿಂದ ‘ಸುರಕ್ಷಿತ ಪ್ರಮಾಣ’ ಎಂಬುದಿಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅಂದರೆ ಯಾರೂ ಔಷಧಿಯೆಂದು ವೈನ್ ಶುರು ಮಾಡಬೇಕಿಲ್ಲ. ಅದರಲ್ಲೂ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ತಲೆಸುತ್ತು, ತೊದಲು ಮಾತು ಬಂದಾಗ ಅಕ್ಕಪಕ್ಕದವರು ‘ಸ್ವಲ್ಪ ಏರಿದೆ’ ಎಂದು ಸುಮ್ಮನಾಗುವ ಅಪಾಯವೂ ಇದೆ.

‘ವೈನ್ ಲೈಟ್, ಬಿಡಿ!’

ಲೆಕ್ಕ ಹಾಕಿ. ಶೇ 13 ಆಲ್ಕೋಹಾಲ್ ಇರುವ 150 ಮಿ.ಲೀ. ವೈನ್‌ನಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್. ಶೇ 42.8ರ ವಿಸ್ಕಿ 45 ಮಿ.ಲೀ. ತೆಗೆದುಕೊಂಡರೂ ಅಷ್ಟೇ. ಅಂದರೆ ಒಂದು ಗ್ಲಾಸ್ ವೈನ್ ಎಂದರೆ ಒಂದೂವರೆ ಪೆಗ್ ವಿಸ್ಕಿ!

ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಸುಮಾರು 60 ಕೆ.ಜಿ. ತೂಕದವರು ಖಾಲಿ ಹೊಟ್ಟೆಯಲ್ಲಿ ಒಂದೇ ಗ್ಲಾಸ್ ಕುಡಿದರೂ ಈ ಗೆರೆ ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಷ್ಟು ಆಲ್ಕೋಹಾಲ್ ಕರಗಿಸಲು ಯಕೃತ್ತಿಗೆ ಸುಮಾರು ಎರಡು ಗಂಟೆ ಬೇಕು. ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವುದೂ ಅದನ್ನು ಬೇಗ ಮಾಡಿಸುವುದಿಲ್ಲ.

ಮತ್ತೆ ಆ ಮೇಜಿಗೆ ಬರೋಣ. ಮಾವ ವೈದ್ಯರನ್ನು ಕೇಳದೆ ಮುಟ್ಟಬಾರದು. ಕಾರು ಓಡಿಸುವ ಅಳಿಯನಿಗೆ ಅಂದು ಒಂದು ಗುಟುಕೂ ಬೇಡ. ಉಳಿದವರಲ್ಲಿ ಯಾರಾದರೂ ರುಚಿಗೆಂದು ಕುಡಿಯುವುದಾದರೆ ಅದು ಅವರ ಆಯ್ಕೆ. ಮೇಲಿನ ಐದು ಅಂಶ ನೋಡಿಕೊಳ್ಳಲಿ. ಕುಡಿಯದವರು ಶುರು ಮಾಡಲು ಆರೋಗ್ಯದ ಕಾರಣ ಯಾವುದೂ ಇಲ್ಲ.

‘ರೆಡ್ ವೈನ್ ಹಾರ್ಟಿಗೆ ಒಳ್ಳೇದು’ ಎಂಬ ಮೆಸೇಜ್ ಮತ್ತೆ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಕೆಳಗೆ ಒಂದು ಸಾಲು ಬರೆಯಿರಿ: ಒಂದು ಗ್ಲಾಸ್ ವೈನ್ ಅಂದರೆ ಒಂದೂವರೆ ಪೆಗ್ ವಿಸ್ಕಿ.