ಫಯೋಲ್ ತತ್ವಗಳು ಹಾಲಿನ ಡೇರಿಯಲ್ಲಿ: ಐದು ತಪ್ಪು ಕಲ್ಪನೆ, ಐದು ವಾಸ್ತವ

ಹೋಳೂರು ಹೋಬಳಿಯ ಹಳ್ಳಿಗಳಿಂದ ಕೋಲಾರಕ್ಕೆ ಬಸ್ಸು ಹತ್ತುವ ವಾಣಿಜ್ಯ ವಿದ್ಯಾರ್ಥಿಗಳು ಹೆನ್ರಿ ಫಯೋಲ್ ಅವರ 14 ನಿರ್ವಹಣಾ ತತ್ವಗಳನ್ನು ಬಾಯಿಪಾಠ ಮಾಡುತ್ತಾರೆ. ದೊಡ್ಡ ಕಂಪನಿಗಳ ಮಾತೆಂದು ಕಾಣುವ ಆ ತತ್ವಗಳಿಗೆ ಮನೆಯವರು ಬೆಳಗ್ಗೆ ಸಂಜೆ ಹಾಲು ಹಾಕುವ ಡೇರಿಯಲ್ಲೂ ಕೆಲಸವಿದೆ.

1. ತಪ್ಪು ಕಲ್ಪನೆ: ಇವು ಕೋಣೆಯಲ್ಲಿ ಕೂತು ಬರೆದ ಪುಸ್ತಕದ ಮಾತು.
ವಾಸ್ತವ: ಫಯೋಲ್ ಗಣಿ ಎಂಜಿನಿಯರ್. 1860ರಲ್ಲಿ ಫ್ರಾನ್ಸಿನ ಕೊಮಾಂತ್ರಿ ಕಲ್ಲಿದ್ದಲು ಗಣಿಗೆ ಸೇರಿ, ನೆಲದಡಿಯ ಬೆಂಕಿಯೊಡನೆ ಹೆಣಗಿದವರು. 1888ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಅದೇ ಗಣಿ ಕಂಪನಿಯ ಹೊಣೆ ಹೊತ್ತು ಮೇಲೆತ್ತಿದರು. ಆ ಅನುಭವ 1916ರಲ್ಲಿ ಬರಹವಾಯಿತು. 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ಪುಸ್ತಕ ಬರೆದ ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ ಕೂಡ ಉಕ್ಕಿನ ಕಾರ್ಖಾನೆಯಲ್ಲಿ ಪಳಗಿದವರು.

2. ತಪ್ಪು ಕಲ್ಪನೆ: ಆಜ್ಞೆಯ ಏಕತೆ, ನಿರ್ದೇಶನದ ಏಕತೆ ಎರಡೂ ಒಂದೇ.
ವಾಸ್ತವ: ನೀರು ಬೆರೆತ ಹಾಲನ್ನು ವಾಪಸ್ ಕಳಿಸು ಎಂದು ಡೇರಿಯ ಕಾರ್ಯದರ್ಶಿ ಹೇಳಿರುತ್ತಾರೆ. ಅಷ್ಟರಲ್ಲಿ ನಿರ್ದೇಶಕರೊಬ್ಬರು ಬಂದು, "ನಮ್ಮೋರ್ದೇ ಹಾಲು, ಹಾಕಿಸ್ಕೊಳ್ಳಪ್ಪ" ಎಂದರೆ ಪರೀಕ್ಷೆ ಮಾಡುವ ಹುಡುಗ ಯಾರ ಮಾತು ಕೇಳಬೇಕು? ಒಬ್ಬ ನೌಕರನಿಗೆ ಒಬ್ಬರೇ ಮೇಲಧಿಕಾರಿ ಇರಬೇಕೆಂಬುದು ಆಜ್ಞೆಯ ಏಕತೆ. ಗುಣಮಟ್ಟ ಹೆಚ್ಚಿಸುವುದು ಗುರಿಯಾದರೆ ಮೇವು, ಹಸುವಿನ ಆರೋಗ್ಯ, ಕ್ಯಾನಿನ ಶುಚಿತ್ವ ಎಲ್ಲವೂ ಒಂದೇ ಯೋಜನೆಯಡಿ, ಒಬ್ಬರ ಹೊಣೆಯಲ್ಲಿ ನಡೆಯಬೇಕೆಂಬುದು ನಿರ್ದೇಶನದ ಏಕತೆ. ಮೊದಲನೆಯದು ವ್ಯಕ್ತಿಗೆ, ಎರಡನೆಯದು ಕೆಲಸಕ್ಕೆ ಸಂಬಂಧಿಸಿದ್ದು.

3. ತಪ್ಪು ಕಲ್ಪನೆ: ಮೇಲಿನಿಂದ ಕೆಳಗಿನವರೆಗಿನ ಅಧಿಕಾರದ ಶ್ರೇಣಿ ಸರಪಳಿಯನ್ನು ಎಂದೂ ದಾಟಬಾರದು.
ವಾಸ್ತವ: ತುರ್ತಿಗೆಂದು ಫಯೋಲ್ ಅವರೇ 'ಗ್ಯಾಂಗ್ ಪ್ಲ್ಯಾಂಕ್' ಎಂಬ ಅಡ್ಡದಾರಿ ಕೊಟ್ಟಿದ್ದಾರೆ. ಸಮಾನ ಹಂತದವರು ಮೇಲಿನವರ ಒಪ್ಪಿಗೆಯ ಮೇಲೆ ನೇರವಾಗಿ ಮಾತಾಡಿಕೊಳ್ಳಬಹುದು. ಕರೆಂಟು ಹೋಗಿ ಜನರೇಟರೂ ಕೈಕೊಟ್ಟಾಗ, 4 ಡಿಗ್ರಿಯಲ್ಲಿರಬೇಕಾದ ಹಾಲು ಅನುಮತಿ ಪತ್ರಕ್ಕೆ ಕಾಯುವುದಿಲ್ಲ. ಶೀತಲ ಘಟಕದವರು ಟ್ಯಾಂಕರಿನವರಿಗೆ ಕೂಡಲೇ ಫೋನ್ ಮಾಡಬೇಕು, ಮಾಡಿದ್ದನ್ನು ಮೇಲಿನವರಿಗೆ ತಿಳಿಸಬೇಕು.

4. ತಪ್ಪು ಕಲ್ಪನೆ: ಸಮತೆ ಎಂದರೆ ಎಲ್ಲರಿಗೂ ಒಂದೇ ಹಣ.
ವಾಸ್ತವ: ಫಯೋಲ್ ಹೇಳಿದ ಸಮತೆಯಲ್ಲಿ ನ್ಯಾಯವೂ ಇದೆ, ದಯೆಯೂ ಇದೆ. ಅಧ್ಯಕ್ಷರ ಮನೆಯ ಹತ್ತು ಲೀಟರೂ ಅಜ್ಜಿಯ ಒಂದೂವರೆ ಲೀಟರೂ ಒಂದೇ ಯಂತ್ರದಲ್ಲಿ ಪರೀಕ್ಷೆಯಾಗಬೇಕು. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದರ ಕಟ್ಟುವುದರಿಂದ ಬಟವಾಡೆ ಹೆಚ್ಚುಕಡಿಮೆ ಆಗಬಹುದು. ಅಳೆಯುವ ರೀತಿ ಬದಲಾಗಬಾರದು. ಫ್ಯಾಟ್ ಯಾಕೆ ಇಳಿಯಿತೆಂದು ಅಜ್ಜಿ ಕೇಳಿದರೆ ಗದರದೆ, ಚೀಟಿ ತೋರಿಸಿ ತಿಳಿಹೇಳುವುದೂ ಸಮತೆಯ ಭಾಗವೇ.

5. ತಪ್ಪು ಕಲ್ಪನೆ: ಹದಿನಾಲ್ಕೂ ಬದಲಾಗದ ಕಾನೂನು.
ವಾಸ್ತವ: ತತ್ವಗಳಿಗೆ ಇಂತಿಷ್ಟೇ ಎಂಬ ಮಿತಿಯಿಲ್ಲ, ಅವನ್ನು ಹದವರಿತು ಬಳಸಬೇಕು ಎಂಬುದು ಫಯೋಲ್ ಅವರದೇ ನಿಲುವು. ಕೆಲಸದ ವಿಭಜನೆಯ ತತ್ವವನ್ನೇ ನೋಡಿ: ಹಾಲು ಕಡಿಮೆ ಬರುವ ಸಂಘದಲ್ಲಿ ಒಬ್ಬರೇ ಅಳೆದು ಲೆಕ್ಕ ಬರೆದರೂ ನಡೆಯುತ್ತದೆ. ಸಾಲು ಉದ್ದವಾದಂತೆ ಅಳತೆ, ಪರೀಕ್ಷೆ, ಲೆಕ್ಕ ಬೇರೆ ಬೇರೆ ಕೈಗೆ ಹೋಗಬೇಕು; ಇಲ್ಲದಿದ್ದರೆ ತಪ್ಪೂ ಹೆಚ್ಚು, ಅನುಮಾನವೂ ಹೆಚ್ಚು.

ಪರೀಕ್ಷೆಯಲ್ಲಿ ತತ್ವದ ಹೆಸರು ಬರೆದು ನಿಲ್ಲಿಸಬೇಡಿ. ಅದು ಮುರಿದರೆ ಯಾರಿಗೆ ನಷ್ಟ ಎಂಬುದನ್ನೂ ಬರೆಯಿರಿ. ನಾಳೆ ಊರಿನ ಸಂಘದ ಆಡಳಿತ ಮಂಡಳಿಗೆ ನಿಲ್ಲುವವರು, ಲೆಕ್ಕ ಕೇಳುವವರು ನೀವೇ. ಈ ತತ್ವಗಳನ್ನು ಅರಿತವರು ಅಲ್ಲಿದ್ದರೆ ಹಾಲು ಹಾಕುವ ಪ್ರತಿ ಮನೆಗೂ ಅದರ ಲಾಭ ತಲುಪುತ್ತದೆ.