ಮೊದಲು ನೆಕ್ ನೋಡಿ

ಸೆಕೆಂಡ್‌ಹ್ಯಾಂಡ್ ಬೇಸ್ ಗಿಟಾರ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಬಣ್ಣ ಎದ್ದ ಜಾಗದ ಮೇಲೆ. ಮಾರುವವನೂ ಅದನ್ನೇ ತೋರಿಸಿ ಸಾವಿರವೋ ಎರಡು ಸಾವಿರವೋ ಇಳಿಸುತ್ತಾನೆ. ಬಾಡಿಯ ಗೀರಿನಿಂದ, ಬೆಲ್ಟಿನ ಬಕಲ್ ಉಜ್ಜಿದ ಗುರುತಿನಿಂದ ನಾದಕ್ಕೆ ಹೇಳಿಕೊಳ್ಳುವಂಥ ನಷ್ಟವೇನಿಲ್ಲ. ಪರೀಕ್ಷೆ ಆಗಬೇಕಾದ್ದು ನೆಕ್‌ಗೆ.

ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನಿಂದ ಹಿಡಿದು ಇಂದಿನವರೆಗೂ ಹೆಚ್ಚಿನ ಬೇಸ್‌ಗಳಲ್ಲಿ ನುಡಿಯುವ ತಂತಿಯ ಉದ್ದ 34 ಇಂಚು. ನಾಲ್ಕೂ ತಂತಿಗಳನ್ನು ಶ್ರುತಿಗೆ ತಂದರೆ ಒಟ್ಟು ಎಳೆತ ಸುಮಾರು 70–80 ಕಿಲೋ. ಬೆಳೆದ ಆಳೊಬ್ಬ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ನಿರಂತರ ಭಾರಕ್ಕೆ ಮರ ವರ್ಷಾನುಗಟ್ಟಲೆ ನಿಧಾನವಾಗಿ ಬಾಗುತ್ತದೆ. ಅದನ್ನು ತಡೆಯಲೆಂದೇ ನೆಕ್‌ನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ.

ಮೊದಲ ಮತ್ತು ಕೊನೆಯ ಫ್ರೆಟ್‌ಗಳ ಮೇಲೆ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಬಿಗಿದ ತಂತಿಯೇ ಈಗ ಅಳತೆಪಟ್ಟಿ. ಏಳನೆಯ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಇದ್ದರೆ ಸರಿ. ಹೆಚ್ಚಿದ್ದರೂ ಗಾಬರಿಯಿಲ್ಲ, ರಾಡ್‌ನ ನಟ್ಟು ತಿರುಗುವಂತಿದ್ದರೆ ಸಾಕು. ನಟ್ಟು ಪೂರ್ತಿ ಬಿಗಿದಿದ್ದೂ ನೆಕ್ ಬಾಗಿಯೇ ಇದ್ದರೆ ಕೈಬಿಡಿ. ತಿರುಚಿಕೊಂಡ ನೆಕ್ ಇನ್ನೂ ಕೆಟ್ಟದ್ದು: ಸಾಮಾನ್ಯ ಟ್ರಸ್ ರಾಡ್ ಬಾಗನ್ನು ತಿದ್ದುತ್ತದೆಯೇ ಹೊರತು ತಿರುಚನ್ನಲ್ಲ.

ಫ್ರೆಟ್ ಸವೆದಿದ್ದರೆ ಅದು ಬರೀ ಖರ್ಚಿನ ಬಾಬತ್ತು. ತಾಮ್ರ, ನಿಕಲ್, ಸತುಗಳ ಆ ಮಿಶ್ರಲೋಹವನ್ನು ಉಕ್ಕಿನ ತಂತಿ ತೇಯುವುದು ಸಹಜ. ಅಂಟಿಸಿದ ಬಿರುಕಿಗೂ ಹೆದರಬೇಕಿಲ್ಲ; ಮರದ ಎಳೆಯುದ್ದಕ್ಕೂ ಚೆನ್ನಾಗಿ ಕೂತ ಬೆಸುಗೆ ಸುತ್ತಲಿನ ಮರದಷ್ಟೇ ಗಟ್ಟಿ. ಬೇಸ್ ವಾದಕ ಜಾಕೊ ಪಾಸ್ಟೋರಿಯಸ್‌ನ ಹೆಸರಾಂತ 1962ರ ಜಾಝ್ ಬೇಸ್‌ಗೆ ಫ್ರೆಟ್‌ಗಳೇ ಇರಲಿಲ್ಲ. ಕಿತ್ತ ಜಾಗ ತುಂಬಿ ಮೇಲೆ ಎಪಾಕ್ಸಿ ಬಳಿದಿತ್ತು, ಮುಂದೊಮ್ಮೆ ಒಡೆದು ಚೂರಾದದ್ದನ್ನು ಮತ್ತೆ ಜೋಡಿಸಿದ್ದೂ ಆಯಿತು.

ಒಂದು ದೋಷ ಮಾತ್ರ ಕಣ್ಣಿಗೆ ಕಾಣದು. ಪ್ರತಿ ತಂತಿಯನ್ನೂ ಒಂದೊಂದೇ ಫ್ರೆಟ್‌ನಲ್ಲಿ ಮೀಟುತ್ತಾ ಹೋಗಿ. ಜಿ ತಂತಿಯಲ್ಲಿ ಐದರಿಂದ ಏಳನೆಯ ಫ್ರೆಟ್‌ನೊಳಗೆ ಎಲ್ಲೋ ಒಂದು ಸ್ವರ ಹುಟ್ಟುತ್ತಲೇ ಸಾಯಬಹುದು. ನೆಕ್‌ನ ಸ್ವಂತ ಕಂಪನಾಂಕಕ್ಕೆ ಆ ಸ್ವರ ಹೊಂದಿಬಿಟ್ಟರೆ ತಂತಿಯ ಶಕ್ತಿಯನ್ನು ಮರವೇ ಹೀರಿಕೊಳ್ಳುತ್ತದೆ. ಇದು ಸವೆತವಲ್ಲ, ಹೊಚ್ಚ ಹೊಸ ಬೇಸ್‌ನಲ್ಲೂ ಇರುತ್ತದೆ. ಹೆಡ್‌ಸ್ಟಾಕ್‌ಗೆ ಸಣ್ಣ ತೂಕ ಕಚ್ಚಿಸಿದರೆ ನೆಕ್‌ನ ಕಂಪನಾಂಕ ಇಳಿಯುತ್ತದೆ. ಆಗ ಸತ್ತ ಸ್ವರ ಬದುಕುತ್ತದೆ, ಆದರೆ ಪಕ್ಕದ ಸ್ವರ ಮಂಕಾಗುವ ಸಂಭವವಿದೆ. ಯಾವುದು ಮಂಕಾದರೆ ನಡೆದೀತು ಎಂಬುದು ನೀವು ನುಡಿಸುವ ಹಾಡುಗಳ ಮೇಲೆ ಹೋಗುತ್ತದೆ.