ಮುಚ್ಚಿಹೋಗುವ ಮುನ್ನ ನೋಡಿರಿ: ವೃತ್ತಿ ತರಬೇತಿ ಶಾಲೆಯ ಕಟ್ಟಡ ಮತ್ತು ಉದ್ಯಮಿಗಳ ಮೇಲುಸ್ತುವಾರಿ

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಅದೇ ವಿಶ್ವೇಶ್ವರಯ್ಯನವರು ಮುಂದೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು, ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕಾಗಿ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರನ್ನಿಡುವುದು ಬೇಡವೆಂದರು. ಬೆಂಗಳೂರಿನ ಆ ಸಂಸ್ಥೆಗೆ ಶ್ರೀ ಜಯಚಾಮರಾಜೇಂದ್ರರ ಹೆಸರು ಬಂದಿತು. ವಾಣಿಜ್ಯೋದ್ಯಮಕ್ಕೂ ವೃತ್ತಿ ಶಿಕ್ಷಣಕ್ಕೂ ನಮ್ಮ ನಾಡಿನಲ್ಲಿ ಇರುವ ನಂಟು ಹೊಸದಲ್ಲ. ಈಚಿನ ವರ್ಷಗಳಲ್ಲಿ ಆ ನಂಟಿನೊಡನೆ ಹೊಣೆಗಾರಿಕೆಯೂ ಸೇರಿಕೊಂಡಿದೆ.

2007-08ರಲ್ಲಿ ಕೇಂದ್ರ ಸರ್ಕಾರವು 1,396 ಸರ್ಕಾರಿ ಐ.ಟಿ.ಐ.ಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆಯನ್ನು ಆರಂಭಿಸಿತು. ಪ್ರತಿ ಸಂಸ್ಥೆಯ ನಿರ್ವಹಣಾ ಸಮಿತಿಗೆ ಉದ್ಯಮಿಯೊಬ್ಬರು ಅಧ್ಯಕ್ಷರು, ಸಮಿತಿಗೆ 2.5 ಕೋಟಿ ರೂಪಾಯಿಗಳವರೆಗೆ ಬಡ್ಡಿರಹಿತ ಸಾಲ. ಅದು ಅನುದಾನವಲ್ಲ, ಮರುಪಾವತಿಸಬೇಕಾದ ಹಣ ಎಂಬುದು ಗಮನಾರ್ಹ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟವು 1,000 ಸರ್ಕಾರಿ ಐ.ಟಿ.ಐ.ಗಳ ಉನ್ನತೀಕರಣಕ್ಕೆ 60,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಇದರಲ್ಲಿ 10,000 ಕೋಟಿ ರೂಪಾಯಿ ಉದ್ಯಮಗಳ ಪಾಲು. ಆದುದರಿಂದ ನಮ್ಮ ಸದಸ್ಯರಲ್ಲಿ ಹಲವರು ಇಂದಲ್ಲ ನಾಳೆ ಒಂದು ಶಾಲಾ ಕಟ್ಟಡದ ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತುಕೊಳ್ಳಬೇಕಾಗಬಹುದು.

ಸಾಮಾನ್ಯವಾಗಿ ಸಮಿತಿಯ ಸದಸ್ಯರು ಗುದ್ದಲಿ ಪೂಜೆಗೂ ಉದ್ಘಾಟನೆಗೂ ತಪ್ಪದೆ ಹಾಜರಾಗುತ್ತಾರೆ. ಕಟ್ಟಡದ ಆಯುಷ್ಯ ನಿರ್ಧಾರವಾಗುವುದು ಈ ಎರಡು ಸಮಾರಂಭಗಳ ನಡುವಣ ದಿನಗಳಲ್ಲಿ.

ಯಂತ್ರದ ಪಟ್ಟಿ ಮೊದಲು, ನಕ್ಷೆ ಅನಂತರ

ವೃತ್ತಿ ತರಬೇತಿ ಶಾಲೆಯು ಸಾಧಾರಣ ಶಾಲೆಯಂತಲ್ಲ. ಅದರ ಅರ್ಧ ಭಾಗ ಕಾರ್ಖಾನೆ. ಕೊಠಡಿಗಳನ್ನು ಕಟ್ಟಿ ಮುಗಿಸಿದ ಮೇಲೆ ಲೇತ್ ಎಲ್ಲಿಡುವುದೆಂದು ಯೋಚಿಸಿದರೆ, ಬಾಗಿಲು ಒಡೆಯುವ ಅಥವಾ ಹೊಸ ನೆಲವನ್ನು ಅಗೆಯುವ ಪ್ರಸಂಗ ಬರುತ್ತದೆ. ಆದ್ದರಿಂದ ವಾಸ್ತುಶಿಲ್ಪಿಯ ಕೈಗೆ ಮೊದಲು ಕೊಡಬೇಕಾದುದು ಯಂತ್ರಗಳ ಪಟ್ಟಿ: ಪ್ರತಿಯೊಂದರ ಉದ್ದಗಲ, ತೂಕ, ವಿದ್ಯುತ್ ಬೇಡಿಕೆ ಮತ್ತು ಸುತ್ತಲೂ ಕಲಿಯುವವರು ನಿಲ್ಲಲು ಬೇಕಾದ ಜಾಗ. ಭಾರವಾದ ಯಂತ್ರಗಳು ನೆಲಮಹಡಿಯಲ್ಲಿಯೇ ಇರತಕ್ಕದ್ದು. ವೆಲ್ಡಿಂಗ್ ವಿಭಾಗಕ್ಕೆ ಹೊಗೆ ಹೊರಹೋಗುವ ಪ್ರತ್ಯೇಕ ಏರ್ಪಾಡು ಬೇಕು. ಫಿಟ್ಟರ್ ವಿಭಾಗದ ಮೇಜುಗಳಿಗೆ ನೇರ ಬಿಸಿಲು ಬೀಳದ ಉತ್ತರದ ಬೆಳಕು ಹಿತಕರ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವನ್ನೂ, ಅಂಗವಿಕಲರಿಗೆ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರನ್ನೂ ಮೂಲ ನಕ್ಷೆಯಲ್ಲಿಯೇ ಸೇರಿಸಬೇಕು. ತ್ರೀ ಫೇಸ್ ವಿದ್ಯುತ್ತಿಗೆ ಅರ್ಜಿಯನ್ನು ಪಾಯ ತೆಗೆಯುವಾಗಲೇ ಸಲ್ಲಿಸಿರಿ. ಇಲ್ಲವಾದರೆ ಉದ್ಘಾಟನೆಯ ದಿನ ಯಂತ್ರಗಳು ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ.

ಸಮಿತಿ ಹಾಜರಿರಬೇಕಾದ ಮೂರು ದಿನಗಳು

ಬೇಲು ಕಟ್ಟಿದ ಮೇಲೆ ಒಳಗಿನ ಹತ್ತಿ ಕಾಣುವುದಿಲ್ಲವೆಂಬುದು ವರ್ತಕರಿಗೆ ಗೊತ್ತಿರುವ ಮಾತು. ಕಟ್ಟಡಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಬಣ್ಣ, ಟೈಲ್ಸ್, ಕಿಟಕಿಗಳಲ್ಲಿ ದೋಷವಿದ್ದರೆ ನಾಳೆಯೂ ಕಾಣಿಸುತ್ತದೆ, ಸರಿಪಡಿಸಲೂಬಹುದು. ಮಣ್ಣು ಮತ್ತು ಕಾಂಕ್ರೀಟಿನ ಅಡಿ ಮುಚ್ಚಿಹೋದ ದೋಷ ಹಾಗಲ್ಲ. ಪಾಯವನ್ನು ತುಂಬುವ ಮುನ್ನ, ಕಬ್ಬಿಣದ ಸರಳುಗಳ ಮೇಲೆ ಕಾಂಕ್ರೀಟು ಸುರಿಯುವ ಮುನ್ನ, ಕೊಳವೆ ಮತ್ತು ಅರ್ಥಿಂಗ್ ತಂತಿಗಳು ನೆಲದಡಿ ಸೇರುವ ಮುನ್ನ, ಈ ಮೂರು ಹಂತಗಳಲ್ಲಿ ಸಮಿತಿಯ ಒಬ್ಬ ಸದಸ್ಯರಾದರೂ ಇಂಜಿನಿಯರ್ ಜೊತೆಗೆ ನಿಂತು ನೋಡುವುದು ಅತ್ಯಗತ್ಯ. ಅಂದೇ ಛಾಯಾಚಿತ್ರ ತೆಗೆಸಿ, ಅಳತೆ ಪುಸ್ತಕದಲ್ಲಿ ದಾಖಲಿಸಬೇಕು. ದಾಖಲೆಯಿಲ್ಲದೆ ಮುಚ್ಚಿದ ಕೆಲಸಕ್ಕೆ ಬಿಲ್ಲು ಮಂಜೂರಾಗದು ಎಂಬ ಷರತ್ತನ್ನು ಒಪ್ಪಂದದಲ್ಲಿಯೇ ಬರೆಸುವುದು ಕ್ಷೇಮಕರ.

ತಾಂತ್ರಿಕ ಪರಿಣತಿ ಇಲ್ಲದವರೂ ಕೇಳಬಹುದಾದ ಕೆಲವು ಪ್ರಶ್ನೆಗಳುಂಟು. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456ರ ಪ್ರಕಾರ ಕಂಬದ ಸರಳಿಗೆ ಸಾಮಾನ್ಯವಾಗಿ 40 ಮಿ.ಮೀ., ಪಾಯದ ಸರಳಿಗೆ 50 ಮಿ.ಮೀ.ಗಿಂತ ಕಡಿಮೆಯಿಲ್ಲದ ಕಾಂಕ್ರೀಟಿನ ಹೊದಿಕೆ ಇರಬೇಕು. ಇದಕ್ಕಾಗಿ ಇಡುವ ಕವರ್ ಬ್ಲಾಕುಗಳು ಸ್ಥಳದಲ್ಲಿವೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ನೀರು ಮತ್ತು ಸಿಮೆಂಟಿನ ಪ್ರಮಾಣ 0.50 ಎಂದು ನಿಗದಿಯಾಗಿದ್ದರೆ, 50 ಕಿಲೋ ಚೀಲವೊಂದಕ್ಕೆ ಮರಳಿನ ತೇವವೂ ಸೇರಿ 25 ಲೀಟರ್ ನೀರು ಮಾತ್ರ. ಸುರಿಯಲು ಸುಲಭವಾಗಲೆಂದು ಕೆಲಸಗಾರರು ಸೇರಿಸುವ ಪ್ರತಿ ಹೆಚ್ಚುವರಿ ಬಕೆಟ್ ನೀರೂ ಕಾಂಕ್ರೀಟಿನ ಬಲವನ್ನು ಕುಗ್ಗಿಸುತ್ತದೆ. 150 ಮಿ.ಮೀ. ಅಳತೆಯ ಪರೀಕ್ಷಾ ಘನಗಳನ್ನು, ಬೇರೆಯಾಗಿ ಕಲಸಿದ ಮಿಶ್ರಣದಿಂದಲ್ಲ, ಚಾವಣಿಗೆ ಹೋಗುತ್ತಿರುವ ಮಿಶ್ರಣದಿಂದಲೇ ತುಂಬಿಸಿ, ದಿನಾಂಕ ಬರೆದು, 28ನೆಯ ದಿನ ಪರೀಕ್ಷಿಸತಕ್ಕದ್ದು.

ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಆಗಬೇಕು. ಹಾರುಬೂದಿ ಮೊದಲಾದವು ಬೆರೆತ ಸಿಮೆಂಟಾದರೆ 10 ದಿನ. ನಮ್ಮ ಬಯಲುಸೀಮೆಯಂತಹ ಒಣ ಬಿಸಿಲಿನ ಪ್ರದೇಶಗಳಲ್ಲಿ ಈ ಅವಧಿ ಕ್ರಮವಾಗಿ 10 ಮತ್ತು 14 ದಿನಗಳು. 6 ಮೀಟರಿಗಿಂತ ಉದ್ದವಾದ ತೊಲೆಯ ಕೆಳಗಿನ ಆಧಾರ ಕಂಬಗಳನ್ನು 21 ದಿನಗಳ ಮೊದಲು ತೆಗೆಯಕೂಡದು. ವರ್ಕ್‌ಶಾಪಿನ ಅಗಲವಾದ ಅಂಕಣಗಳಲ್ಲಿ ಇಂತಹ ತೊಲೆಗಳೇ ಹೆಚ್ಚು. ಸೆಂಟ್ರಿಂಗ್ ಬಾಡಿಗೆ ಉಳಿಸಲು ಗುತ್ತಿಗೆದಾರರು ಅವಸರಪಡುವುದು ಸಹಜ. ಆ ಅವಸರಕ್ಕೆ ಸಮಿತಿ ಮಣಿಯಬಾರದು.

ಬಾಯಿಮಾತಿನ ಆದೇಶ ಬೇಡ

ಐದು ಜನ ಸದಸ್ಯರು ಐದು ದಿನ ಬಂದು ಮೇಸ್ತ್ರಿಗೆ ಐದು ಬಗೆಯ ಸೂಚನೆ ಕೊಡುವುದು ಮೇಲುಸ್ತುವಾರಿಯಲ್ಲ. ಒಂದು ಗೋಡೆಯನ್ನು ಸರಿಸಲು ಬಾಯಿಮಾತಿನಲ್ಲಿ ಹೇಳಿದರೆ, ಅದು ಮುಂದೆ ಹೆಚ್ಚುವರಿ ಕೆಲಸದ ಬಿಲ್ಲಾಗಿ ಬರುತ್ತದೆ. ತಪ್ಪಾದರೆ ಹೊಣೆ ಯಾರದೆಂದು ತಿಳಿಯದಾಗುತ್ತದೆ. ಸದಸ್ಯರ ಅಭಿಪ್ರಾಯ ಸಭೆಗೆ ಬರಲಿ, ಸಭೆಯ ತೀರ್ಮಾನ ಇಂಜಿನಿಯರರಿಗೆ ಹೋಗಲಿ, ಇಂಜಿನಿಯರರ ಆದೇಶ ಸ್ಥಳದ ಆದೇಶ ಪುಸ್ತಕದಲ್ಲಿ ಬರಹವಾಗಿ ಗುತ್ತಿಗೆದಾರರಿಗೆ ತಲುಪಲಿ. ಇಂಜಿನಿಯರರ ಸಂಭಾವನೆಯನ್ನು ಗುತ್ತಿಗೆದಾರರ ಮೂಲಕ ಕೊಡಿಸದೆ ಸಮಿತಿಯೇ ನೇರವಾಗಿ ಪಾವತಿಸಬೇಕು. ಅಂತೆಯೇ ಗುತ್ತಿಗೆದಾರರ ಬಿಲ್ಲನ್ನು ಅಳತೆಯಾದ ಕೂಡಲೇ ಪಾವತಿ ಮಾಡುವುದೂ ಸಮಿತಿಯ ಕರ್ತವ್ಯ. ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡು ಗುಣಮಟ್ಟವನ್ನು ಒತ್ತಾಯಿಸುವುದು ನ್ಯಾಯವಲ್ಲವೆಂಬುದನ್ನು, ಬಾಕಿಯ ನೋವುಂಡ ಸಣ್ಣ ಕೈಗಾರಿಕೋದ್ಯಮಿಗಳಿಗೆ ವಿವರಿಸಬೇಕಾಗಿಲ್ಲ.

ಕೀಲಿಕೈ ಪಡೆಯುವ ಮುನ್ನ

ದೋಷ ಹೊಣೆಗಾರಿಕೆಯ ಅವಧಿಯು ಒಂದು ಪೂರ್ಣ ಮಳೆಗಾಲವನ್ನಾದರೂ ಒಳಗೊಂಡಿರುವಂತೆ ಒಪ್ಪಂದ ಮಾಡಿಕೊಳ್ಳಬೇಕು. ಚಾವಣಿಯ ಸೋರಿಕೆಯನ್ನು ತೋರಿಸಿಕೊಡುವುದು ಮಳೆಯೇ. ಅಲ್ಲಿಯವರೆಗೆ ಭದ್ರತಾ ಠೇವಣಿಯನ್ನು ಹಿಂದಿರುಗಿಸಬಾರದು. ಕಟ್ಟಿದಂತೆಯೇ ತಿದ್ದಿ ಬರೆದ ನಕ್ಷೆ, ವಿದ್ಯುತ್ ಮತ್ತು ನೀರಿನ ಮಾರ್ಗಗಳ ಚಿತ್ರ, ಪರೀಕ್ಷಾ ವರದಿಗಳು, ಪಂಪು ಮೊದಲಾದವುಗಳ ಖಾತರಿ ಪತ್ರಗಳು ಇವೆಲ್ಲವನ್ನೂ ಪ್ರಾಂಶುಪಾಲರ ಕಚೇರಿಯಲ್ಲಿ ಒಂದೇ ಕಡತದಲ್ಲಿರಿಸಬೇಕು. ಹತ್ತು ವರ್ಷಗಳ ಅನಂತರ ಹೊಸ ಯಂತ್ರಕ್ಕಾಗಿ ನೆಲವನ್ನು ಅಗೆಯುವವರಿಗೆ ಈ ಕಡತವೇ ಮಾರ್ಗದರ್ಶಿ.

ಈ ಕಟ್ಟಡದಲ್ಲಿ ಕಲಿತು ಹೊರಬರುವ ಟರ್ನರ್, ಫಿಟ್ಟರ್, ಎಲೆಕ್ಟ್ರಿಷಿಯನ್ನರು ನಮ್ಮ ಕಾರ್ಖಾನೆಗಳಿಗೇ ಬರುವವರು. ಅರ್ಥಿಂಗ್ ಸರಿಯಿಲ್ಲದ ವರ್ಕ್‌ಶಾಪಿನಲ್ಲಿ, ಸೋರುವ ಚಾವಣಿಯ ಅಡಿಯಲ್ಲಿ ಕಲಿತವನಿಂದ ಕೆಲಸದ ಶಿಸ್ತನ್ನು ನಿರೀಕ್ಷಿಸುವುದು ಹೇಗೆ? ಸದಸ್ಯರು ತಮ್ಮ ಗೋದಾಮು ಕಟ್ಟಿಸುವಾಗ ತೋರುವ ಎಚ್ಚರವನ್ನೇ ಶಾಲೆಯ ಕಟ್ಟಡಕ್ಕೂ ತೋರಲೆಂದು ವಿನಂತಿ. ದೇಣಿಗೆಯ ಚೆಕ್ಕಿನ ಜೊತೆಗೆ, ಕಾಂಕ್ರೀಟು ಸುರಿಯುವ ದಿನ ಸ್ಥಳದಲ್ಲಿ ನಿಲ್ಲಲು ಅರ್ಧ ದಿನದ ಬಿಡುವನ್ನೂ ಕೊಡಿರಿ.